ಜರ್ಮನ್ ಭಾಷೆಯನ್ನು ಕಲಿಯತೊಡಗಿದ ಹುಡುಗಿಯ ಬೇಸಿಗೆಯ ಪ್ರಯಾಣ

ನಮ್ಮ ಶಾಲೆಯಲ್ಲಿ ಓದಿ ಕಾಲೇಜನ್ನು ಸೇರಿದ ಹುಡುಗಿಯರಲ್ಲಿ ಜರ್ಮನ್ ಭಾಷೆಯನ್ನು ಅಭ್ಯಾಸಮಾಡುವವರು ಈಚೆಗೆ ಅಲ್ಲಲ್ಲಿ ಕಾಣಬರುತ್ತಿದ್ದಾರೆ. ಒಬ್ಬಳಿಗೆ ದಾದಿಯ ಕೆಲಸದ ಆಸೆ, ಇನ್ನೊಬ್ಬಳಿಗೆ ಮೇಲ್ತರದ ವಿದ್ಯೆಯ ಆಸೆ, ಮತ್ತೊಬ್ಬಳಿಗೆ ಭಾಷೆಯ ಮೇಲಣ ಪ್ರೀತಿಯೇ ಸಾಕು. ಆರು ತಿಂಗಳು ಕಲಿತೊಡನೆ, ಈ ಬೇಸಿಗೆಯಲ್ಲಿ ಆ ದೇಶಕ್ಕೆ ಒಮ್ಮೆ ಹೋಗಿಬರಬೇಕೆಂಬ ಮಾತು ಅವರ ಬಾಯಲ್ಲಿ ಬರುತ್ತದೆ. ಮನೆಯಲ್ಲಿ ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: "ಮೊದಲು ಭಾಷೆ ಚೆನ್ನಾಗಿ ಬರಲಿ ಮಗಳೇ, ಆಮೇಲೆ ನೋಡೋಣ." ಈ ಉತ್ತರದ ಹಿಂದಿರುವ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೂ ಅದು ಸರಿಯಾದ ಉತ್ತರವಲ್ಲವೆಂದು ನಮ್ಮ ಅಭಿಪ್ರಾಯ.

1836ರಲ್ಲಿ ಈ ದೇಶಕ್ಕೆ ಬಂದ ಹೆರ್ಮನ್ ಮೋಗ್ಲಿಂಗರು ಕನ್ನಡವನ್ನು ಪೂರ್ತಿಯಾಗಿ ಕಲಿತು ಹಡಗನ್ನು ಹತ್ತಿದವರಲ್ಲ. ಇಲ್ಲಿನ ಜನರ ನಡುವೆ ಕಲಿತು, ಏಳು ವರ್ಷಗಳ ಮೇಲೆ, 1843ರಲ್ಲಿ, 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಅವರಿಗೆ ವರ್ಷಗಳು ಇದ್ದವು, ನಮ್ಮ ಹುಡುಗಿಗೆ ಇರುವುದು ನಾಲ್ಕು ವಾರ. ಆದುದರಿಂದ ಈ ಹೋಲಿಕೆಯನ್ನು ನಾವು ಬಹಳ ದೂರ ಎಳೆಯುವುದಿಲ್ಲ. ಭಾಷೆ ಬಂದ ಮೇಲೆಯೇ ಜನರ ಬಳಿಗೆ ಹೋಗಬೇಕೆಂಬ ನಿಯಮವನ್ನು ಅವರು ಇಟ್ಟುಕೊಂಡಿರಲಿಲ್ಲವೆಂಬಷ್ಟನ್ನು ಮಾತ್ರ ಜ್ಞಾಪಿಸುತ್ತೇವೆ.

ಹಾಗೆಂದು ಅಕ್ಷರಮಾಲೆಯೊಂದನ್ನೇ ಕಲಿತು ಹೊರಡಬಹುದೆಂದಲ್ಲ. ಯೂರೋಪಿನಲ್ಲಿ ಭಾಷಾಜ್ಞಾನವನ್ನು ಆರು ಮೆಟ್ಟಲುಗಳಾಗಿ ಅಳೆಯುತ್ತಾರೆ. ಎ1 ಎಂಬ ಮೊದಲನೆಯ ಮೆಟ್ಟಲನ್ನು ಮುಗಿಸಿ, ಎರಡನೆಯದರಲ್ಲಿ ಕಾಲಿಟ್ಟವಳು ಹೋಗತಕ್ಕವಳು. ತನ್ನ ಪರಿಚಯ ಹೇಳುವುದು, ದಾರಿ ಕೇಳುವುದು, ರೊಟ್ಟಿ ಕೊಳ್ಳುವುದು, ಹೊಟ್ಟೆನೋವನ್ನು ತಿಳಿಸುವುದು, ಇಷ್ಟು ಅವಳಿಂದ ಆಗುತ್ತದೆ. ಕನ್ನಡತಿಗೆ ಕೆಲವು ಸೌಕರ್ಯಗಳೂ ಉಂಟು. ಉಪವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬಂದು ನಿಲ್ಲುವುದನ್ನು ಕಂಡು ಇಂಗ್ಲಿಷರು ತಬ್ಬಿಬ್ಬಾಗುತ್ತಾರೆ. ನಮಗೆ ಅದು ಮನೆಯ ಮಾತಿನಂತೆಯೇ. ನೀನು, ನೀವು ಎಂಬ ಭೇದ ಅಲ್ಲಿಯೂ ಇದೆ. ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದವಳು ಅವರ ನಾಲ್ಕಕ್ಕೆ ಹೆದರಬೇಕಾಗಿಲ್ಲ. ಲಿಂಗವು ಮಾತ್ರ ಕಷ್ಟ. ಹುಡುಗಿಯೆಂಬ ಅರ್ಥದ 'ಮೇಡ್ಖೆನ್' ಶಬ್ದವೇ ಅಲ್ಲಿ ನಪುಂಸಕಲಿಂಗ! ನಮ್ಮ ವಿದ್ಯಾರ್ಥಿನಿಯರು ಇದಕ್ಕೆ ಕೋಪಿಸಿಕೊಳ್ಳದೆ ಕಲಿಯಲಿ. ಅದು ಶಬ್ದದ ಕೊನೆಯ ಪ್ರತ್ಯಯದಿಂದ ಆದದ್ದು. ಇದಕ್ಕಿಂತ ಜಾಗ್ರತೆ ಬೇಕಾದದ್ದು ಗಡಿಯಾರದಲ್ಲಿ. 'ಹಾಲ್ಪ್ ತ್ಸೇನ್' ಎಂದರೆ ಅಕ್ಷರಾರ್ಥಕ್ಕೆ ಅರ್ಧ ಹತ್ತು. ಆದರೆ ಅದು ಹತ್ತೂವರೆಯಲ್ಲ, ಒಂಬತ್ತೂವರೆ. ಇದನ್ನು ತಿಳಿಯದವಳು ರೈಲನ್ನು ತಪ್ಪಿಸಿಕೊಳ್ಳುತ್ತಾಳೆ.

ಇನ್ನು ಹೋಗುವ ಸ್ಥಳ. ಹತ್ತು ದಿನಗಳಲ್ಲಿ ಏಳು ದೇಶಗಳನ್ನು ತೋರಿಸುವ ಪ್ರವಾಸಗಳು ವಿದ್ಯಾರ್ಥಿನಿಗೆ ತಕ್ಕವಲ್ಲವೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಅಲ್ಲಿ ಮಾರ್ಗದರ್ಶಿಯು ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ, ಜೊತೆಯವರು ಹಿಂದಿಯಲ್ಲಿ ಮಾತನಾಡುತ್ತಾರೆ, ಜರ್ಮನ್ ಭಾಷೆಯು ಅಂಗಡಿಗಳ ಹಲಗೆಗಳ ಮೇಲೆ ಉಳಿಯುತ್ತದೆ. ಬರ್ಲಿನ್ ನಗರವು ನೋಡತಕ್ಕದ್ದೇ. ಆದರೆ ಅಲ್ಲಿ ಹುಡುಗಿಯು ತಡವರಿಸಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ತಿರುಗುವುದುಂಟು. ಒಂದೇ ಚಿಕ್ಕ ಊರಿನಲ್ಲಿ ನಾಲ್ಕು ವಾರ ನಿಂತು, ಬೆಳಿಗ್ಗೆ ಪಾಠ, ಸಂಜೆ ಪೇಟೆ, ರಾತ್ರಿ ಒಂದು ಕುಟುಂಬದವರೊಡನೆ ಊಟ, ಹೀಗೆ ಕಳೆದರೆ ಫಲವುಂಟು. ನಮ್ಮನ್ನು ಕೇಳಿದರೆ ನೆಕ್ಕರ್ ನದಿಯ ದಡದ ಟ್ಯೂಬಿಂಗೆನ್ ಪಟ್ಟಣವನ್ನು ಹೇಳುತ್ತೇವೆ. ಅದು 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದ ಊರು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮೋಗ್ಲಿಂಗರಿಗೂ ಕಿಟ್ಟೆಲರಿಗೂ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟದ್ದು ಈ ವಿಶ್ವವಿದ್ಯಾಲಯವೇ; ಕಿಟ್ಟೆಲರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ. ಅಲ್ಲಿನ ಹಳಬರು ಶ್ವಾಬಿಷ್ ಎಂಬ ಆಡುನುಡಿಯನ್ನಾಡುತ್ತಾರೆ, ಮೊದಲ ವಾರ ಒಂದಕ್ಷರವೂ ತಿಳಿಯಲಿಕ್ಕಿಲ್ಲ. ಧಾರವಾಡದ ಮಾತಿಗೂ ಪುಸ್ತಕದ ಕನ್ನಡಕ್ಕೂ ಇರುವ ಅಂತರವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ.

ಕಾಲವನ್ನು ಗೊತ್ತುಮಾಡುವಾಗ ಒಂದು ತೊಡಕಿದೆ. ನಮ್ಮ ಬೇಸಿಗೆ ಏಪ್ರಿಲ್, ಮೇ. ಅವರ ಬೇಸಿಗೆ ಜೂನ್‌ನಿಂದ ಆಗಸ್ಟ್. ವಿಶ್ವವಿದ್ಯಾಲಯಗಳ ಬೇಸಿಗೆ ತರಗತಿಗಳು ಹೆಚ್ಚಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಡೆಯುವುದರಿಂದ, ರಜೆಯು ಹೊಂದದವರು ವರ್ಷವಿಡೀ ಕಲಿಸುವ ಭಾಷಾಶಾಲೆಯೊಂದನ್ನು ನೋಡಿಕೊಳ್ಳಬೇಕು. ಏಪ್ರಿಲಿನಲ್ಲಿ ಹೋಗುವವಳು ಉಣ್ಣೆಯ ಅಂಗಿಯನ್ನು ಮರೆಯದಿರಲಿ. 90 ದಿನಗಳೊಳಗಿನ ವಾಸಕ್ಕೆ ಷೆಂಗೆನ್ ವೀಸಾ ಸಾಕು. ಅರ್ಜಿಯನ್ನು 6 ತಿಂಗಳು ಮೊದಲೇ ಕೊಡಬಹುದು. ಶುಲ್ಕವು 2024ರ ಜೂನಿನಲ್ಲಿ 90 ಯೂರೋಗೆ ಏರಿತು. 30,000 ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು. ಹುಡುಗಿಯು ತಿರುಗಿ ಬರುವಳೆಂದು ಅಧಿಕಾರಿಗಳಿಗೆ ನಂಬಿಕೆಯಾಗಬೇಕಾದುದರಿಂದ ಕಾಲೇಜಿನ ಪತ್ರವೂ ತಂದೆಯ ಬ್ಯಾಂಕಿನ ಲೆಕ್ಕವೂ ಅಚ್ಚುಕಟ್ಟಾಗಿರಲಿ. ಈ ವೀಸಾದ ಮೇಲೆ ಹೋಗಿ ಅಲ್ಲಿಯೇ ಕೆಲಸಕ್ಕೆ ಸೇರಿಸುತ್ತೇವೆಂದು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ಅಂಗಳದಲ್ಲಿಯೇ ನಿಲ್ಲಿಸಿ ಹಿಂದಕ್ಕೆ ಕಳುಹಿಸತಕ್ಕದ್ದು; ಕಾನೂನು ಅದಕ್ಕೆ ಎಡೆಕೊಡುವುದಿಲ್ಲ.

ಹಣದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಈ ನಾಲ್ಕು ವಾರಗಳಿಗಾಗಿ ಚಿನ್ನವನ್ನು ಒತ್ತೆಯಿಡುವುದನ್ನು ನಾವು ಒಪ್ಪುವುದಿಲ್ಲ. ಅಷ್ಟು ಅನುಕೂಲವಿಲ್ಲದ ಮನೆಯ ಹುಡುಗಿಯು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಇನ್ನೊಂದು ಮೆಟ್ಟಲನ್ನು ಏರಿದರೆ ಅವಳಿಗೆ ನಷ್ಟವಿಲ್ಲ. ಹೋಗುವವಳು ಮಿತವ್ಯಯಕ್ಕೆ ದಾರಿಗಳನ್ನು ಹುಡುಕಲಿ. ದೇಶದಲ್ಲೆಲ್ಲ ಸಾಧಾರಣ ರೈಲು, ಬಸ್ಸುಗಳಲ್ಲಿ ನಡೆಯುವ ತಿಂಗಳ ಚೀಟಿಯೊಂದು 2023ರಲ್ಲಿ 49 ಯೂರೋಗೆ ಆರಂಭವಾಗಿ 2025ರಲ್ಲಿ 58 ಆಯಿತು. ಶೀಘ್ರ ರೈಲುಗಳಿಗೆ ಅದು ಸಲ್ಲದು. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಅಕ್ಕಿ, ತರಕಾರಿ ತಂದಿಟ್ಟುಕೊಳ್ಳಬೇಕು.

ಭಾನುವಾರದ ಮಾತು ಬಂದುದರಿಂದ ತಾಯಂದಿರಿಗೆ ಒಂದು ಅರಿಕೆ. ಹುಡುಗಿಯು ಅಲ್ಲಿ ದೇವಾಲಯಕ್ಕೆ ಹೋಗಲಿ. ಭಕ್ತಿಗಾಗಿಯೂ ಹೋಗಲಿ, ಭಾಷೆಗಾಗಿಯೂ ಹೋಗಲಿ. ಬೋಧಕರು ನಿಧಾನವಾಗಿ, ಸ್ಪಷ್ಟವಾಗಿ ಓದುತ್ತಾರೆ. ಓದುವ ಭಾಗವನ್ನು ಅವಳು ಚಿಕ್ಕಂದಿನಿಂದ ಕನ್ನಡದಲ್ಲಿ ಬಲ್ಲಳು. ಕರ್ತನ ಪ್ರಾರ್ಥನೆಯ ಒಂದೊಂದು ಮಾತಿನ ಅರ್ಥವೂ ಅವಳಿಗೆ ಮೊದಲೇ ಗೊತ್ತು. ವ್ಯಾಕರಣದ ಪುಸ್ತಕದಲ್ಲಿ ಒಂದು ತಿಂಗಳು ಹಿಡಿಯುವುದು ಅಲ್ಲಿ ಒಂದು ಗಂಟೆಯಲ್ಲಿ ಕಿವಿಗೆ ಹತ್ತುವುದುಂಟು. ಆರಾಧನೆಯಾದ ಮೇಲೆ ಕಾಫಿ ಕೊಡುವ ಸಭೆಗಳೂ ಇವೆ. ಅಂಥಲ್ಲಿ ವಯಸ್ಸಾದ ಹೆಂಗಸರ ಪಕ್ಕದಲ್ಲಿ ಅವಳು ಕುಳಿತುಕೊಳ್ಳಲಿ. ತರುಣರಿಗಿಂತ ಅವರಿಗೆ ಇಂಗ್ಲಿಷ್ ಕಡಮೆ, ಬಿಡುವು ಹೆಚ್ಚು. ಮಗಳು ಒಬ್ಬಳೇ ಇದ್ದಾಳಲ್ಲಾ ಎಂದು ಇಲ್ಲಿ ನಿದ್ದೆಗೆಡುವ ತಾಯಿಗೆ, ಆ ಊರಿನಲ್ಲಿ ಅವಳ ಹೆಸರು ಬಲ್ಲ ಮುದುಕಿಯೊಬ್ಬಳಿದ್ದಾಳೆಂಬ ಸಮಾಧಾನವಾದರೂ ದೊರೆಯುತ್ತದೆ.