ತಾರಸಿಯ ತಾಪ ಯಾರ ಪಾಲಿನದು?

ವಸತಿ ಸಂಘದ ತಾರಸಿ ಸೋರಿದರೆ ದುರಸ್ತಿಯ ವೆಚ್ಚವನ್ನು ಸಂಘ ಭರಿಸುತ್ತದೆ. ಅದೇ ತಾರಸಿ ಮೇ ತಿಂಗಳಲ್ಲಿ ಕಾದ ಕಾವಲಿಯಾದರೆ, ಜನವರಿಯಲ್ಲಿ ಕೊರೆಯುವ ಬಂಡೆಯಾದರೆ, ಅದು ಕೊನೆಯ ಮಹಡಿಯವರ ಪೂರ್ವಾರ್ಜಿತ ಕರ್ಮ! ನೀರು ಎಲ್ಲರ ಹೊಣೆ, ತಾಪ ಒಬ್ಬರ ಹಣೆಬರಹ ಎಂಬ ಈ ಪಾಲುಪಟ್ಟಿ ಯಾವ ಆಗಮದಲ್ಲಿಯೂ ಇಲ್ಲ. ಆದರೂ ಮುಂಬೈ, ಪುಣೆ, ದೆಹಲಿಗಳ ವಾರ್ಷಿಕ ಸಭೆಗಳಲ್ಲಿ ಇದಕ್ಕೆ ಒಪ್ಪಿಗೆ ದೊರೆಯುತ್ತಲೇ ಇದೆ. ಒಪ್ಪಿಗೆಗೆ ಎತ್ತಿದ ಕೈಗಳಲ್ಲಿ ಅಹಿಂಸೆಯನ್ನು ಪರಮಧರ್ಮವೆನ್ನುವ ಶ್ರಾವಕರ ಕೈಗಳೂ ಇವೆ.

ಕಾಂಕ್ರೀಟಿನ ಸ್ವಭಾವ ಸರಳ. ಹಗಲೆಲ್ಲ ಹೀರಿದ ಬಿಸಿಲನ್ನು ಅದು ರಾತ್ರಿ ಮನೆಯೊಳಗೆ ಸುರಿಯುತ್ತದೆ. ದೆಹಲಿಯ ಚಳಿಯಲ್ಲಿ ಮನೆಯ ಬಿಸುಪನ್ನು ಆಕಾಶಕ್ಕೆ ಸೋರಿಬಿಡುತ್ತದೆ. ಉತ್ತರ ಕರ್ನಾಟಕದ ಹಿರಿಯರು ಮಾಳಿಗೆಯ ಮೇಲೆ ದಪ್ಪನಾಗಿ ಮಣ್ಣು ಹರಡಿದ್ದು ಈ ಎರಡನ್ನೂ ತಡೆಯುವುದಕ್ಕಾಗಿಯೇ. ನಗರ ಸೇರಿದ ಸಂತತಿ ಆ ಮಣ್ಣಿನ ಬದಲು ಯಂತ್ರಗಳನ್ನು ತಂದಿತು. ಬೇಸಿಗೆಗೆ ಏಸಿ, ಚಳಿಗೆ ಹೀಟರ್. ಏಸಿ ಶಾಖವನ್ನು ನಾಶಮಾಡುವುದಿಲ್ಲ. ಒಳಗಿನದನ್ನು ಎತ್ತಿ, ತನ್ನ ದುಡಿಮೆಯ ಶಾಖವನ್ನೂ ಸೇರಿಸಿ, ಪಕ್ಕದ ಮನೆಯ ಕಿಟಕಿಗೆ ಊದುತ್ತದೆ. ಒಬ್ಬರ ತಂಪು ಇನ್ನೊಬ್ಬರ ಬೇಗೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಹಿಂಸಿಸುವುದನ್ನು ಪ್ರಮಾದಚರ್ಯೆ ಎಂದರು. ಈ ದೇಶದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲನ್ನು ಸುಟ್ಟೇ ಬರುತ್ತದೆ. ಚಾವಣಿಯ ಒಂದು ಪದರ ತಡೆಯಬಹುದಾಗಿದ್ದ ಶಾಖವನ್ನು ಹೊರದಬ್ಬಲು ಇರುಳಿಡೀ ಕಲ್ಲಿದ್ದಲು ಸುಡುವುದು ಪ್ರಮಾದಚರ್ಯೆಯಲ್ಲದೆ ಮತ್ತೇನು? ಸೂರ್ಯಾಸ್ತಕ್ಕೆ ಮುನ್ನ ಒಲೆ ಆರಿಸುವ ಮನೆಯಲ್ಲಿ ಹದಿನೆಂಟು ಡಿಗ್ರಿಗೆ ಇಳಿಸಿದ ಏಸಿ ಬೆಳಗಿನವರೆಗೆ ಗುಂಯ್ಗುಟ್ಟುತ್ತಿದ್ದರೆ, ತೇಜಸ್ಕಾಯ ಜೀವಗಳ ಮೇಲಿನ ಆ ಕರುಣೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿತೆಂದು ಅರ್ಥ.

ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಮಿತವ್ಯಯ ಮಾಡಿದರೆ ಸಾಲದೆ ಎನ್ನುವವರಿದ್ದಾರೆ. ಮಿತವ್ಯಯ ಒಳ್ಳೆಯದೇ. ಏಸಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳಿದೆ. ಆದರೆ ವೈಯಕ್ತಿಕ ಸಂಯಮ ತಾರಸಿಯವರೆಗೆ ತಲುಪದು. ತಾರಸಿ ಸಾಮೂಹಿಕ ಸ್ವತ್ತು. ಸಭೆಯ ನಿರ್ಣಯವಿಲ್ಲದೆ ಅಲ್ಲಿ ಯಾರೂ ಒಂದು ಡಬ್ಬಿ ಸುಣ್ಣವನ್ನೂ ಬಳಿಯುವಂತಿಲ್ಲ. ಬೇಯುವವರು ಕೊನೆಯ ಮಹಡಿಯ ಕೆಲವೇ ಕುಟುಂಬಗಳು, ಮತ ಹಾಕುವವರು ಕೆಳಗಿನ ಎಲ್ಲರೂ. ಕೊನೆಯ ಮಹಡಿಯಲ್ಲಿರುವವರು ಬಾಡಿಗೆದಾರರಾದರೆ ಅವರಿಗೆ ಮತವೂ ಇಲ್ಲ.

ಸರ್ಕಾರದ ದೃಷ್ಟಿಯೂ ಅರೆಗಣ್ಣಿನದು. 2018ರಲ್ಲಿ ಬಂದ ಇಕೋ ನಿವಾಸ ಸಂಹಿತೆ ಹೊಸ ಕಟ್ಟಡಗಳನ್ನು ಉದ್ದೇಶಿಸಿದ್ದು. ಜನರು ಈಗಾಗಲೇ ವಾಸಿಸುತ್ತಿರುವ ಹಳೆಯ ಕಟ್ಟಡಗಳನ್ನು ಅದು ಮುಟ್ಟುವುದಿಲ್ಲ. 2024ರ ಸೂರ್ಯಘರ್ ಯೋಜನೆ ವಸತಿ ಸಂಘಗಳ ಸಾಮೂಹಿಕ ಸೌರಫಲಕಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಕೊಡುತ್ತದೆ; ಶಾಖ ತಡೆಯುವ ಪದರಕ್ಕೆ ಅದೇ ಯೋಜನೆಯಲ್ಲಿ ಒಂದು ಪೈಸೆಯೂ ಇಲ್ಲ. ಉತ್ಪಾದಿಸಿದವನಿಗೆ ಸನ್ಮಾನ, ಉಳಿಸಿದವನಿಗೆ ಮೌನ. ತೆಲಂಗಾಣ ಮಾತ್ರ 2023ರಲ್ಲಿ ತಂಪು ಚಾವಣಿ ನೀತಿಯನ್ನು ಪ್ರಕಟಿಸಿ 300 ಚದರ ಕಿಲೋಮೀಟರಿನ ಗುರಿ ಹಾಕಿಕೊಂಡಿತು. ಉಳಿದ ರಾಜ್ಯಗಳಲ್ಲಿ ಇಂತಹ ನೀತಿಗಾಗಿ ಒತ್ತಾಯಿಸುವುದು ಮತದಾರನಾದ ಶ್ರಾವಕನ ಕರ್ತವ್ಯ.

ಆದರೆ ನೀತಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ಬಿಸಿಲನ್ನು ಪ್ರತಿಫಲಿಸುವ ಬಿಳಿ ಲೇಪನ ಅಥವಾ ಬಿಳಿ ಪಿಂಗಾಣಿ ಚೂರುಗಳ ಹಾಸು ಬಹುಪಾಲು ಕೆಲಸ ಮಾಡುತ್ತದೆ. ದೆಹಲಿಗೆ ಬಿಳಿ ಬಣ್ಣವೊಂದೇ ಸಾಲದು, ಅದು ಚಳಿಯನ್ನು ತಡೆಯದು. ಅಲ್ಲಿ ಎರಡೂ ಋತುಗಳಿಗೆ ಒದಗುವ ಶಾಖನಿರೋಧಕ ಪದರ ಬೇಕು. ಸೋರಿಕೆಯ ದುರಸ್ತಿಗೆಂದು ತಾರಸಿಯನ್ನು ಹೇಗೂ ಅಗೆಯುವಾಗ ಈ ಕೆಲಸವನ್ನೂ ಸೇರಿಸಿದರೆ ಕೂಲಿ ಎರಡು ಬಾರಿ ತೆರಬೇಕಿಲ್ಲ. ಪಂಚಕಲ್ಯಾಣದ ಸವಾಲಿನಲ್ಲಿ ಕ್ಷಣಾರ್ಧದಲ್ಲಿ ಲಕ್ಷಗಳನ್ನು ಕೂಗುವ ಸಮಾಜ, ಅದರ ಒಂದಂಶವನ್ನು ಬಡ ಸಹಧರ್ಮಿಗಳು ಮತ್ತು ಅವರ ನೆರೆಯವರು ಬಾಳುವ ಕಟ್ಟಡಗಳ ಚಾವಣಿಗೆ ಮೀಸಲಿಡಲಾರದೆ? ಅತಿಥಿಗೆ ಸಲ್ಲಬೇಕಾದ ದಾನಗಳಲ್ಲಿ ಅದೇ ಸಮಂತಭದ್ರರು ಆಹಾರ, ಔಷಧಗಳೊಡನೆ ಆವಾಸವನ್ನೂ ಎಣಿಸಿದ್ದರು. ಬೇಯುವ ಸೂರು ಆವಾಸವೆನಿಸದು.

ಮಹಾವೀರ ನಿರ್ವಾಣದ 2500ನೆಯ ವರ್ಷದಲ್ಲಿ ಸಮಸ್ತ ಪಂಗಡಗಳೂ ಒಪ್ಪಿದ ಜೈನ ಲಾಂಛನದ ಕೆಳಗೆ ಜೀವಗಳ ಪರಸ್ಪರ ಉಪಕಾರದ ಸೂತ್ರ ಬರೆದಿದೆ. ಬಹುತೇಕ ಜೈನ ಮನೆಗಳ ಗೋಡೆಯ ಮೇಲೆ ಅದು ತೂಗುತ್ತಿದೆ. ಅದು ಗೋಡೆಗೆ ಮಾತ್ರ ಸೀಮಿತವೋ, ತಾರಸಿಗೂ ಅನ್ವಯವೋ ಎಂಬುದನ್ನು ಮುಂದಿನ ವಾರ್ಷಿಕ ಸಭೆ ತೀರ್ಮಾನಿಸಲಿ.