ಹೆಬ್ಬೆಟ್ಟು ಒತ್ತುವ ಮೊದಲು

ಸಾವುಕಾರನ ಬಡ್ಡಿಗೆ ಹೊಲ ಹೋದರೆ ಊರೆಲ್ಲ ಕೂಗುತ್ತೇವೆ. ಮಗನೇ 'ಬ್ಯಾಂಕಿನ ಸಾಲಕ್ಕೆ' ಅಂತ ಹೇಳಿ ಮುದುಕ ತಂದೆಯಿಂದ ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ, 'ಮನೆ ಜಗಳ' ಅಂತ ಸುಮ್ಮನಿರುತ್ತೇವೆ. ಇದ್ಯಾವ ನ್ಯಾಯ? ಯಲಬುರ್ಗಾದ ಎರಿ ಹೊಲವಿರಲಿ, ಗಂಗಾವತಿಯ ನೀರಾವರಿ ಗದ್ದೆಯಿರಲಿ, ಪಹಣಿಯಿಂದ ಹೆಸರು ಹೋಯ್ತೆಂದರೆ ರೊಟ್ಟಿಗೂ ಕೈ ಚಾಚಬೇಕು.

ಓದಿಸಿ ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಕೊಡಲೇಬೇಕೆಂದರೆ, 'ಸಾಯೋತನಕ ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಮಗ ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ ಎ.ಸಿ. ಸಾಹೇಬರಿಗೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಕಲಮು ಸಿಗುವುದು ಕಷ್ಟ. 2022ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು.

ಮಕ್ಕಳ ಮೇಲೆ ಪ್ರೀತಿ ಇರಲಿ. ಷರತ್ತು ಮಾತ್ರ ಬಾಯಲ್ಲಿ ಬೇಡ, ಕಾಗದದಲ್ಲಿರಲಿ.