ಕೆಲಸ ಬಲ್ಲವನ ನಗೆ



ಹೋಟೇಲಿನಲ್ಲಿ ದುಡಿದ ಯಾರನ್ನಾದರೂ ಕೇಳಿರಿ. ಒಲೆಯ ಮುಂದೆ ಬೆವರು ಸುರಿಸಿದವನು ಮುಂದೊಂದು ದಿನ ಗಲ್ಲೆಯ ಮೇಲೆ ಕುಳಿತರೆ ಆ ಹೋಟೇಲು ಬೇಗನೆ ಮುಳುಗುವುದಿಲ್ಲವೆಂದೇ ಹೇಳುವರು. ಎಲ್ಲಿ ಎಣ್ಣೆ ಪೋಲಾಗುತ್ತದೆ, ಎಲ್ಲಿ ಹೊತ್ತು ಹಾಳಾಗುತ್ತದೆ ಎಂಬುದು ಅವನಿಗೆ ಕೈಯಿಂದಲೇ ಗೊತ್ತು. ಗಿರಣಿಯ ಮಾತೂ ಇದೇ. ಸಾಂಚೆಯ ಸದ್ದು ಕೇಳಿಯೇ ಎಳೆ ಕಡಿಯಿತೆಂದು ತಿಳಿಯುವವನು ಮೇಲ್ವಿಚಾರಕನಾದರೆ ಖಾತೆಯೇ ಸುಧಾರಿಸುತ್ತದೆ.

ಚಲಚ್ಚಿತ್ರರಂಗದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವುಂಟು. ಶ್ರೀ ದಿನೇಶ್ ಬಾಬು ಅವರು ಕೇರಳದವರು. ಮಲೆಯಾಳ ಚಿತ್ರಗಳಲ್ಲಿ ಕ್ಯಾಮೆರಾ ಹಿಡಿದು ಹೆಸರು ಪಡೆದವರು. 1988ರಲ್ಲಿ ವಿಷ್ಣುವರ್ಧನ್ ಮತ್ತು ಸುಹಾಸಿನಿ ನಟಿಸಿದ ‘ಸುಪ್ರಭಾತ’ದಿಂದ ಕನ್ನಡದ ದಿಗ್ದರ್ಶಕರಾದರು. ಆದರೂ ಕ್ಯಾಮೆರಾವನ್ನು ಕೆಳಗಿಡಲಿಲ್ಲ. 1989ರಲ್ಲಿ ಅನಂತನಾಗ್ ಅವರ ‘ಹೆಂಡ್ತಿಗ್ಹೇಳ್ಬೇಡಿ’ ಮತ್ತು ಶಿವರಾಜಕುಮಾರ್ ಅವರ ‘ಇನ್ಸ್‌ಪೆಕ್ಟರ್ ವಿಕ್ರಂ’ ಚಿತ್ರಗಳಿಂದ ಜನರನ್ನು ನಗಿಸಿದರು. 1997ರ ‘ಅಮೃತವರ್ಷಿಣಿ’ಯಲ್ಲಿ ಎದೆ ಭಾರವಾಗುವಂಥ ಕಥೆ ಹೇಳಿದರು, ಆಮೇಲೆ 2008ರ ‘ಮಿಸ್ಟರ್ ಗರಗಸ’, 2010ರ ‘ಎರಡನೇ ಮದುವೆ’ ಚಿತ್ರಗಳಲ್ಲಿ ಮತ್ತೆ ನಗೆಗೆ ಮರಳಿದರು. ಅವರ ಎಲ್ಲ ಚಿತ್ರಗಳೂ ಒಂದೇ ತೂಕದವೆಂದು ನಾನು ವಾದಿಸುವುದಿಲ್ಲ. ಆದರೆ ಒಳ್ಳೆಯವು ನಿಜವಾಗಿಯೂ ಒಳ್ಳೆಯವು.

1989ರ ‘ಇದು ಸಾಧ್ಯ’ದ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಅನಂತನಾಗ್, ಶಂಕರನಾಗ್ ಮೊದಲಾದವರಿದ್ದ ಆ ಚಿತ್ರದ ಚಿತ್ರೀಕರಣವನ್ನು ಎರಡೇ ದಿನಗಳೊಳಗೆ ಮುಗಿಸಿದರು! ಇದನ್ನು ಕೇಳಿದೊಡನೆ ಯಾವನಾದರೊಬ್ಬ ಮಾಲಕನು, “ನೋಡಿ, ಅವರು ಮಾಡಿದರು, ನೀವೂ ಮಾಡಿ” ಎಂದಾನು. ಅಲ್ಲಿ ನಾವು ಎಚ್ಚರದಿಂದಿರಬೇಕು. ಕೆಲಸ ಬಲ್ಲವನು ತನ್ನ ಜಾಣತನದಿಂದ ಉಳಿಸಿದ ಹೊತ್ತು ಬೇರೆ, ಕೆಲಸಗಾರನ ಬೆನ್ನು ಮುರಿದು ಉಳಿಸಿದ ಹೊತ್ತು ಬೇರೆ. ಒಮ್ಮೆ ಪಂತಕ್ಕೆ ಬಿದ್ದು ಮಾಡಿದ್ದು ಸಾಹಸ. ಅದನ್ನೇ ನಿತ್ಯದ ಪಾಳಿಯಾಗಿಸಿದರೆ ಅನ್ಯಾಯ. ನಾಲ್ವರ ಕೆಲಸವನ್ನು ಇಬ್ಬರಿಂದ ಮಾಡಿಸುವ ಲೆಕ್ಕವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇಲ್ಲಿ ನಾವು ಗಮನಿಸತಕ್ಕ ಇನ್ನೊಂದು ವಿಷಯವಿದೆ. ಕೇರಳದಿಂದ ಬಂದವರು ಕನ್ನಡಿಗರನ್ನು ಕನ್ನಡದಲ್ಲೇ ನಗಿಸಿದರು. ಪರಭಾಷೆಯ ಜನರನ್ನು ಅಳಿಸುವುದು ಅಷ್ಟೇನೂ ಕಷ್ಟವಲ್ಲ. ನಗಿಸಬೇಕಾದರೆ ಅವರ ಅಡಿಗೆಮನೆಯ ಮಾತಿನವರೆಗೆ ಹೋಗಬೇಕು. ಮೈಸೂರಿನ ವಿ. ಕೆ. ಮೂರ್ತಿಯವರು ಇದೇ ರೀತಿ ಮುಂಬಯಿಗೆ ಬಂದು, 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕಿನಿಂದ ಹಿಂದೀ ಜಗತ್ತನ್ನೇ ಗೆದ್ದರು. ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ. ಅವರ ಕೈಕೆಳಗೆ ದುಡಿದ ಗೋವಿಂದ ನಿಹಲಾನಿಯವರೂ ಮುಂದೆ ದಿಗ್ದರ್ಶಕರಾದರು. ಒಬ್ಬರು ಇಲ್ಲಿಂದ ಅಲ್ಲಿಗೆ, ಒಬ್ಬರು ಅಲ್ಲಿಂದ ಇಲ್ಲಿಗೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಮನೆ ಹೂಡಿದ ನಾವು ಮಾಡಿದ್ದೂ ಇದನ್ನೇ ಅಲ್ಲವೆ? ಊರು ಯಾವುದು ಎಂದು ಕೇಳುವವರಿಗೆ ನಮ್ಮ ದುಡಿಮೆಯೇ ಉತ್ತರ. ಯಾವ ನೆಲದಲ್ಲಿ ದುಡಿಯುತ್ತೇವೋ ಅದರ ಭಾಷೆ ಕಲಿತು ಆ ಜನರಿಗೆ ಬೇಕಾದವರಾಗಬೇಕು. ಹಾಗೆಂದು ತಾಯಿನುಡಿಯನ್ನು ಮರೆಯಬಾರದು.

ಆದರೆ ನಮ್ಮ ಮಕ್ಕಳು ಮರೆಯುತ್ತಿದ್ದಾರೆ. ಹಗಲು ಕಪ್ಪು ಬಸಿ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಓದಿದವರ ಮೊಮ್ಮಕ್ಕಳು ಇಂದು ಕನ್ನಡದ ಗೋಷ್ಠಿಯೆಂದರೆ ಆಕಳಿಸುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ವಾರ್ಷಿಕೋತ್ಸವವೆಂದರೆ ನಾವು ಅವರ ಮುಂದಿಡುವುದು ಉದ್ದುದ್ದ ಭಾಷಣ ಮತ್ತು ಶಾಲು. “ನಗೆಚಿತ್ರ ತೋರಿಸಿದರೆ ಸಂಘದ ಘನತೆಗೆ ಕುಂದು” ಎಂದು ಒಂದು ಸಭೆಯಲ್ಲಿ ಹಿರಿಯರೊಬ್ಬರು ಅಂದುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರಲ್ಲಿ ನನಗೆ ಗೌರವವುಂಟು, ಆದರೆ ಈ ಮಾತನ್ನು ಒಪ್ಪಲಾರೆ. ಹನ್ನೆರಡು ತಾಸು ಕಾಲಮೇಲೆ ನಿಂತು, ಲೋಕಲ್ ಗಾಡಿಯಲ್ಲಿ ಜೋತಾಡಿ ಮನೆಗೆ ಬಂದವನಿಗೆ ನಗೆಯೂ ಒಂದು ಊಟವೇ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗಲೂ ನಮ್ಮ ಚಾಳುಗಳಲ್ಲಿ ನಗೆಯೊಂದು ಉಳಿದಿತ್ತು. ಅದರಿಂದಲೇ ಎಷ್ಟೋ ಮನೆಗಳು ತಾಳಿಕೊಂಡವು.

ಆದುದರಿಂದ ನನ್ನ ಸೂಚನೆ ಇಷ್ಟೆ. ಈ ವರ್ಷ ಒಂದು ಭಾಷಣವನ್ನು ಕಡಿಮೆ ಮಾಡಿ, ‘ಹೆಂಡ್ತಿಗ್ಹೇಳ್ಬೇಡಿ’ಯನ್ನು ತೋರಿಸಲಿ. ಹೆಂಡಿರನ್ನು ತಪ್ಪದೆ ಕರೆತನ್ನಿ! ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹೆಸರುಗಳು ತೆರೆಯ ಮೇಲೆ ಬರುವಾಗ ದೀಪ ಹಾಕಬೇಡಿ. ಛಾಯಾಗ್ರಹಣ ಯಾರದೆಂದು ಮಕ್ಕಳು ಗಟ್ಟಿಯಾಗಿ ಓದಲಿ. ತೆರೆಯ ಹಿಂದೆ ದುಡಿಯುವವರಿಗೂ ಹೆಸರಿದೆಯೆಂದು ಅವರಿಗೆ ತಿಳಿದರೆ, ಒಲೆಯ ಮುಂದೆ ನಿಂತ ತಮ್ಮ ತಂದೆಯ ಹೆಸರನ್ನೂ ಅವರು ತಲೆಯೆತ್ತಿ ಹೇಳಿಯಾರು.